ಸಮುದ್ರದೊಳಗಿನ ಕೆರೆ

ನಮ್ಮ ಪಿಎಚ್.ಡಿ. ಗೈಡ್ ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಇಂಚು ಉದ್ದವಿತ್ತು. ಹಳದಿ ಬಣ್ಣ, ಅಡಿಯಲ್ಲಿ ಕೆಂಪಗೆ ಒಂದು ಗೆರೆ. ಸಂಡೂರಿನಿಂದ ಹೊಸಪೇಟೆಗೆ ದಿನಾ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವವರ ಮೈಮೇಲೆಲ್ಲ ಗಣಿಯ ಕೆಂಪು ಅದಿರಿನ ಧೂಳು ಕೂರುತ್ತದೆ. ಉಳಿದವರು ಕಾಲೇಜಿಗೆ ಬಂದ ಕೂಡಲೇ ಕೈ ಮುಖ ತೊಳೆಯುತ್ತಿದ್ದರು, ಇವರು ಕನ್ನಡಕ ಒರೆಸಿಕೊಂಡು ನೇರ ಕುರ್ಚಿಗೆ ಹೋಗುತ್ತಿದ್ದರು. ಉಗುರನ್ನು ಯಾಕೆ ಬೆಳೆಸಿದ್ದಾರೆಂದು ನನಗೆ ಮೊದಲ ದಿನವೇ ತಿಳಿಯಿತು. ನಾನು ಕೊಟ್ಟ ನಕ್ಷೆಯ ಮೇಲೆ ಅದನ್ನು ಊರಿ ಕಾರವಾರದಿಂದ ಮಂಗಳೂರಿನವರೆಗೆ ಒಂದು ಗೆರೆ ಗೀರಿದರು. ಕಾಗದ ಹರಿಯಿತು. "ಇನ್ನೊಂದು ಪ್ರಿಂಟ್ ತಗೊಂಡು ಬಾ" ಎಂದರು. ಹರಿದವರು ಅವರು, ಮತ್ತೆ ತರಬೇಕಾದವಳು ನಾನು. ಆರು ವರ್ಷ ಹೀಗೇ ನಡೆಯಿತು.

ತೀರಿಕೊಂಡವರ ಬಗ್ಗೆ ಬರೆಯುವವರು ಮೊದಲು ನಾಲ್ಕು ಒಳ್ಳೆಯ ಮಾತು ಹೇಳಿ ಆಮೇಲೆ ಮುಂದುವರಿಯುವುದು ವಾಡಿಕೆ. ನಾನೂ ಹುಡುಕಿದೆ, ಸಾಕಾಗಿ ಬಿಟ್ಟೆ. ಆ ಮನುಷ್ಯ ಜಂಬದವರು. ಜಗಳಗಂಟರು. ಬೇರೆಯವರ ಕೆಲಸ ಕಂಡರೆ ಮೂಗು ಮುರಿಯದೆ ಇದ್ದವರಲ್ಲ. ಅವರ ಬಾಯಿಂದ ಬರಬಹುದಾಗಿದ್ದ ಅತಿ ದೊಡ್ಡ ಹೊಗಳಿಕೆ "ತಪ್ಪಿಲ್ಲ" ಎನ್ನುವುದು. ಅದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ, ಕ್ಯಾಂಟೀನಿನ ಚಹಾದ ಬಗ್ಗೆ.

ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು. ಪಿಎಚ್.ಡಿ. ಮಾಡಿಸುವ ಅನುಮತಿಯೂ ಅವರಿಗಿತ್ತು. ಅವರ ಬಳಿ ಬಂದು ಸಿಕ್ಕಿಬಿದ್ದವರು ಇಬ್ಬರು. ಕಂಪ್ಲಿಯಿಂದ ನಾನು, ಚೋರನೂರಿನಿಂದ ನನಗಿಂತ ಎರಡು ವರ್ಷ ಚಿಕ್ಕವನೊಬ್ಬ. ನಮ್ಮ ಹೆಸರನ್ನು ಅವರು ಕೊನೆಯವರೆಗೂ ಕಲಿಯಲಿಲ್ಲ. ನಾನು 'ಕಂಪ್ಲಿ', ಅವನು 'ಚೋರನೂರು'. ಹಾಜರಿ ಪುಸ್ತಕದಲ್ಲೂ ಒಮ್ಮೆ ಹಾಗೇ ಬರೆದು ಆಫೀಸಿನವರಿಂದ ಬೈಸಿಕೊಂಡಿದ್ದರು. ಬೈದ ಗುಮಾಸ್ತನನ್ನು ಅಂದಿನಿಂದ 'ತೋರಣಗಲ್ಲು' ಎಂದು ಕರೆಯತೊಡಗಿದರು.

ನಮ್ಮ ಕೆಲಸ ಕರಾವಳಿಯ ಸಮುದ್ರದ ನೀರು ಯಾವ ದಿಕ್ಕಿಗೆ, ಎಷ್ಟು ಜೋರಾಗಿ ಹರಿಯುತ್ತದೆ ಎಂದು ಕಂಡುಹಿಡಿಯುವುದು. ಅದೂ ಹೊಸಪೇಟೆಯಲ್ಲಿ ಕೂತು. ಇದನ್ನು ಕೇಳಿ ಕಂಪ್ಲಿಯಲ್ಲಿ ನಮ್ಮವ್ವ, "ಇಲ್ಲೇ ಡ್ಯಾಮ್ ಐತಿ, ಹೊಳಿ ಐತಿ, ಮನಿ ಹಿಂದ ಕಾಲುವಿ ಐತಿ. ಇಷ್ಟು ನೀರು ಬಿಟ್ಟು ಕಾಣದ ನೀರಿಗೆ ಯಾಕ ಹೋದ್ಯವ್ವ?" ಎಂದಿದ್ದಳು. ಕೆಲಸ ಮಾತ್ರ ಅಷ್ಟೇನೂ ಹುಚ್ಚಿನದಲ್ಲ. ಉಪಗ್ರಹ ಮೇಲಿನಿಂದ ಸಮುದ್ರದ ಮೈ ಎಲ್ಲೆಲ್ಲಿ ಎಷ್ಟು ಬಿಸಿ ಇದೆ ಎಂದು ನೋಡುತ್ತದೆ. ಆ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಇಲ್ಲೊಂದು ಬೆಚ್ಚಗಿನ ನಾಲಗೆ ಚಾಚಿರುತ್ತದೆ, ಅಲ್ಲೊಂದು ತಣ್ಣನೆಯ ಮಡಿಕೆ ಬಿದ್ದಿರುತ್ತದೆ. ಇವತ್ತು ಒಂದು ಚಿತ್ರ, ನಾಳೆ ಅದೇ ಹೊತ್ತಿಗೆ ಇನ್ನೊಂದು ಚಿತ್ರ. ಇವತ್ತಿನದರಿಂದ ಒಂದು ಸಣ್ಣ ಚೌಕ ತೆಗೆದುಕೊಂಡು ನಾಳೆಯದರ ಮೇಲೆ ಅತ್ತಿತ್ತ ಸರಿಸುತ್ತ ಹೋದರೆ ಎಲ್ಲೋ ಒಂದು ಕಡೆ ಅದು ಸರಿಯಾಗಿ ಕೂರುತ್ತದೆ. ಎಷ್ಟು ದೂರ ಸರಿಸಬೇಕಾಯಿತೋ ಅಷ್ಟು ದೂರ ಆ ನೀರು ಒಂದು ದಿನದಲ್ಲಿ ಹೋಯಿತು ಎಂದು ಅರ್ಥ.

ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ. ನಮ್ಮ ಗೈಡ್‌ಗೆ ಕಂಪ್ಯೂಟರ್ ಮೇಲೂ ನಂಬಿಕೆಯಿರಲಿಲ್ಲ. ಎರಡು ದಿನದ ಪ್ರಿಂಟುಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಹಿಂದಿನಿಂದ ಬರುವ ಬಿಸಿಲಿನಲ್ಲಿ ಉಗುರಿನಿಂದ ಗೀರುತ್ತಿದ್ದರು. ಒಂದು ಉಗುರಿಗೆ ಇಷ್ಟು ಕಿಲೋಮೀಟರ್ ಎಂದು ಅವರದೇ ಅಳತೆ. ನಾನು ಎರಡು ದಿನ ಕೂತು ಬರೆದ ಪ್ರೋಗ್ರಾಮಿನ ಉತ್ತರವನ್ನು ಪಕ್ಕಕ್ಕೆ ತಳ್ಳಿ, "ನಂದು ನೋಡು" ಎನ್ನುವರು. ಅವರ ಉಗುರಿನ ಉತ್ತರ ಮತ್ತು ನನ್ನ ಕಂಪ್ಯೂಟರಿನ ಉತ್ತರ ಬಹಳ ಸಲ ಒಂದೇ ಆಗಿರುತ್ತಿತ್ತು ಎನ್ನುವುದು ಈಗಲೂ ನನ್ನ ಹೊಟ್ಟೆ ಉರಿಸುವ ಸಂಗತಿ.

ಇಷ್ಟಾಗಿ ಸಮುದ್ರ ಅವರು ನೋಡಿದ್ದು ನನಗೆ ಗೊತ್ತಿರುವ ಹಾಗೆ ಒಂದೇ ಸಲ. ನಮ್ಮಿಬ್ಬರನ್ನು ಕಾರವಾರಕ್ಕೆ ಕರೆದುಕೊಂಡು ಹೋಗಿದ್ದರು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬೆನ್ನು ಮುರಿದು, ಬೆಳಿಗ್ಗೆ ದಂಡೆಗೆ ಹೋಗಿ ನಿಂತೆವು. ಚೋರನೂರು ಪ್ಯಾಂಟ್ ಮಡಚಿಕೊಂಡು ನೀರಿಗಿಳಿದ. ಇವರು ಬೂಟು ಬಿಚ್ಚಲಿಲ್ಲ. ಹತ್ತು ನಿಮಿಷ ಅತ್ತ ಇತ್ತ ನೋಡಿ, "ಇಲ್ಲಿಂದ ಏನೂ ಕಾಣಂಗಿಲ್ಲ. ನಡೀರಿ" ಎಂದರು. ಮಧ್ಯಾಹ್ನದ ಬಸ್ಸಿಗೆ ವಾಪಸು ಹೊರಟೆವು.

ಅವರಿಗೆ ನಿಜವಾಗಿ ಆಗದಿದ್ದುದು ಮೋಡ. ಮೋಡ ಬಂದರೆ ಉಪಗ್ರಹಕ್ಕೆ ಕೆಳಗಿನ ನೀರು ಕಾಣುವುದಿಲ್ಲ. ನಕ್ಷೆಯಲ್ಲಿ ಅಷ್ಟು ಜಾಗ ಬಿಳಿಯಾಗಿ ಉಳಿಯುತ್ತದೆ. ಮಳೆಗಾಲದಲ್ಲಂತೂ ಇಡೀ ನಕ್ಷೆಯೇ ಬಿಳಿ. ಅಂಥದ್ದನ್ನು ತೆಗೆದುಕೊಂಡು ಹೋದರೆ, "ಏನವ್ವ ಕಂಪ್ಲಿ, ನಕ್ಷಿ ತಂದಿಯೋ, ಹರಕ ಅಂಗಿ ತಂದಿಯೋ?" ಎಂದು ಕೇಳುವರು. ಮೋಡ ಬಂದದ್ದೂ ನನ್ನ ಸೋಮಾರಿತನದಿಂದಲೇ ಎನ್ನುವ ಹಾಗಿರುತ್ತಿತ್ತು ಅವರ ಮುಖ.

ಇನ್ನು ಅವರ ಜಂಬದ ವಿಷಯ. ಅವರು ತಮ್ಮ ವಯಸ್ಸಿನ ಕಾಲದಲ್ಲಿ ಒಂದು ಪ್ರಬಂಧ ಬರೆದಿದ್ದರು. ಹೊನ್ನಾವರದ ಎದುರಿಗೆ, ದಂಡೆಯಿಂದ ಸ್ವಲ್ಪ ದೂರದಲ್ಲಿ, ಅಕ್ಟೋಬರ್ ತಿಂಗಳಲ್ಲಿ ಸುತ್ತಲಿನ ನೀರೆಲ್ಲ ದಕ್ಷಿಣಕ್ಕೆ ಹರಿಯುತ್ತಿದ್ದರೂ ನಡುವೆ ಒಂದಿಷ್ಟು ಜಾಗ ಅಲುಗಾಡದೆ ನಿಂತಿರುತ್ತದೆ ಎಂದು ಅದರಲ್ಲಿ ತೋರಿಸಿದ್ದರು. ಅದಕ್ಕೆ ಅವರು ಇಟ್ಟ ಹೆಸರು 'ಕೆರೆ'. "ಸಮುದ್ರದಾಗ ಒಂದು ಕೆರಿ ಐತಿ. ಅದನ್ನ ಕಂಡುಹಿಡಿದವ ನಾನು" ಎಂದು ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠದಲ್ಲೇ ಹೇಳುವರು. ಮದುವೆಮನೆಯಲ್ಲಿ ಪಕ್ಕದ ಎಲೆಯವರಿಗೂ ಹೇಳುವರು. ಕಾಲೇಜಿನ ಪ್ರಾಸ್ಪೆಕ್ಟಸ್ಸಿನಲ್ಲಿ ಪ್ರತಿ ವರ್ಷ ಆ ನಕ್ಷೆ ಅಚ್ಚಾಗುತ್ತಿತ್ತು, ನಡುವೆ ನೀಲಿಯಾಗಿ ಆ ಕೆರೆ.

ಕರಾವಳಿಯಲ್ಲಿ ಹುಟ್ಟಿದವರು ಯಾರೂ ಇಂಥದ್ದನ್ನು ಅಷ್ಟು ಸುಲಭವಾಗಿ ನಂಬುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ನಾವು ಡ್ಯಾಮಿನ ಹಿನ್ನೀರು ನೋಡಿ ಬೆಳೆದವರು. ನಮ್ಮ ಕಡೆಯವರಿಗೆ ನೀರು ಹರಿಯುವುದಕ್ಕಿಂತ ನಿಲ್ಲುವುದೇ ಸಹಜ. ಎಲ್ಲಿ ನೀರು ಕಂಡರೂ ಮೊದಲು ನಿಲ್ಲಿಸಲು ನೋಡುತ್ತೇವೆ. ಅವರಿಗೆ ಸಮುದ್ರದ ನಡುವೆ ಕೆರೆ ಕಂಡಿತು, ನಾನೂ ಐದು ವರ್ಷ ಅದನ್ನು ಒಂದು ಮಾತೂ ಕೇಳದೆ ನಂಬಿದೆ.

ಆರನೆಯ ವರ್ಷ ನನ್ನ ಪ್ರಬಂಧದ ಮೂರನೆಯ ಅಧ್ಯಾಯಕ್ಕೆ ಬಂದೆ. ಅದರ ವಿಷಯ ಅವರ ಕೆರೆಯೇ. ಹಳೆಯ ಕೆಲಸವನ್ನು ಹೊಸ ಪ್ರೋಗ್ರಾಮಿನಿಂದ ಮತ್ತೆ ಮಾಡಿ, ಕೆರೆಯ ಅಂಚನ್ನು ಇನ್ನಷ್ಟು ಚೆನ್ನಾಗಿ ಗುರುತಿಸಿ ಕೊಡಬೇಕೆಂದು ಅವರ ಅಪ್ಪಣೆ. ಕಪಾಟಿನಲ್ಲಿದ್ದ ಅವರ ಹಳೆಯ ಸಿ.ಡಿ.ಗಳನ್ನು ಕೊಟ್ಟರು. ಈಗ ಉಪಗ್ರಹದ ಮೂಲ ಚಿತ್ರಗಳು ಇಂಟರ್ನೆಟ್ಟಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತವೆ. ಅವನ್ನೂ ಇಳಿಸಿಕೊಂಡು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.

ಅವರ ಸಿ.ಡಿ.ಯಲ್ಲಿ ಕೆರೆಯಿದ್ದ ಜಾಗದ ಅಂಕಿಗಳು ಒಂದು ದಿನ ಏನಿದ್ದವೋ ಮರುದಿನವೂ ಅವೇ ಇದ್ದವು. ಹೆಚ್ಚುಕಡಿಮೆ ಅವೇ ಅಲ್ಲ, ದಶಮಾಂಶದ ಕೊನೆಯ ಅಂಕಿಯವರೆಗೂ ಅವೇ. ಸಮುದ್ರದ ನೀರು ಎರಡು ದಿನ ಹಾಗೆ ಒಂದೇ ಅಂಕಿ ಕೊಡುವುದು ಸಾಧ್ಯವೇ ಇಲ್ಲ. ಮೂಲ ಚಿತ್ರ ತೆರೆದೆ. ಆ ಜಾಗದ ಮೇಲೆ ಮರುದಿನ ಮೋಡವಿತ್ತು. ಬರೀ ಬಿಳಿ. ಇವರು ಆ ಬಿಳಿಯನ್ನು ನೋಡಲಾರದೆ ನಿನ್ನೆಯ ಅಂಕಿಗಳನ್ನೇ ತಂದು ಅಲ್ಲಿ ತುಂಬಿದ್ದರು. ಆಮೇಲೆ ಎರಡೂ ದಿನದ ಚಿತ್ರಗಳನ್ನು ಕಂಪ್ಯೂಟರಿಗೆ ಕೊಟ್ಟಿದ್ದರು. ನಿನ್ನೆಯ ತುಂಡನ್ನೇ ಇವತ್ತಿನದು ಎಂದು ಕೊಟ್ಟರೆ ಅದು ಪಾಪ ಏನು ಹೇಳಬೇಕು? ನೀರು ಅಲುಗಾಡಿಲ್ಲ ಎಂದಿತು. ಅಕ್ಟೋಬರಿನಲ್ಲಿ ಅಲ್ಲಿ ಪದೇ ಪದೇ ಮೋಡ. ಮೋಡ ನಿಂತಲ್ಲೆಲ್ಲ ನೀರೂ ನಿಂತಿತು. ನಾನು ಅಂಥ ಹನ್ನೊಂದು ದಿನ ಹುಡುಕಿ ತೆಗೆದೆ. ಅವನ್ನು ಬಿಟ್ಟು ಲೆಕ್ಕ ಮಾಡಿದರೆ ಕೆರೆಯಲ್ಲಿ ಹೇಳಿಕೊಳ್ಳುವಂಥದ್ದೇನೂ ಉಳಿಯಲಿಲ್ಲ. ಆ ನೀರೂ ಸುತ್ತಲಿನ ನೀರಿನ ಹಾಗೇ ದಕ್ಷಿಣಕ್ಕೆ ಹರಿದು ಹೋಗುತ್ತಿತ್ತು.

ನನಗೆ ಬೇಸರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಹಳ ಖುಷಿಯಾಯಿತು. ಐದು ವರ್ಷ ಹರಿದ ಪ್ರಿಂಟುಗಳನ್ನು ಮತ್ತೆ ಮತ್ತೆ ತಂದುಕೊಟ್ಟವಳಿಗೆ ಆಗುವಂಥ ಖುಷಿ. ಹತ್ತು ದಿನದಲ್ಲಿ ಮೂವತ್ತೆರಡು ಪುಟ ಬರೆದೆ. ಸೋಮವಾರ ಬೆಳಿಗ್ಗೆ ಅವರ ಮೇಜಿನ ಮೇಲಿಟ್ಟು, "ಮೂರನೇ ಅಧ್ಯಾಯ ಸರ್" ಎಂದೆ. ಮುಖ ಹೇಗಾಗುತ್ತದೆ ನೋಡೋಣವೆಂದು ಅಲ್ಲೇ ನಿಂತೆ. ಅವರು ಮೊದಲ ಪುಟ ಓದಿದರು, ಎರಡನೆಯದು ಓದಿದರು. ಆಮೇಲೆ ಕಟ್ಟನ್ನು ಮುಚ್ಚಿ ಚೀಲದಲ್ಲಿಟ್ಟುಕೊಂಡು ಕ್ಲಾಸಿಗೆ ಹೋದರು.

ಮುಂದೆ ಆ ವಿಷಯದಲ್ಲಿ ಒಂದು ಮಾತೂ ಇಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ಉಳಿದ ಅಧ್ಯಾಯಗಳನ್ನು ತಿದ್ದಿಸಿಕೊಳ್ಳುತ್ತ, ವಿಶ್ವವಿದ್ಯಾಲಯದ ಕಾಗದಪತ್ರಗಳಿಗೆ ಅಲೆದಾಡುತ್ತ ಇರುವಷ್ಟರಲ್ಲಿ ನನ್ನ ನೋಂದಣಿಯ ಅವಧಿ ಅಂಚಿಗೆ ಬಂದಿತ್ತು. ಇನ್ನು ಒಂದು ತಿಂಗಳಲ್ಲಿ ಪ್ರಬಂಧ ಕೊಡದಿದ್ದರೆ ಆರು ವರ್ಷದ ಕೆಲಸ ಕಸದ ಬುಟ್ಟಿಗೆ. ಗೈಡ್ ಸಹಿ ಇಲ್ಲದೆ ಪ್ರಬಂಧ ಕೊಡುವ ಹಾಗಿಲ್ಲ. ಜೀವಮಾನದಲ್ಲಿ ಗಳಿಸಿದ ಒಂದೇ ಹೆಸರನ್ನು ಅಳಿಸುವ ಮೂವತ್ತೆರಡು ಪುಟಕ್ಕೆ ಆ ಮನುಷ್ಯ ಸಹಿ ಹಾಕುತ್ತಾರೆಂದು ನಂಬುವಷ್ಟು ದಡ್ಡಿ ನಾನಲ್ಲ. ಚೋರನೂರೂ ಅದನ್ನೇ ಹೇಳಿದ. "ಅಕ್ಕ, ಅದನ್ನೊಂದು ತಗದು ಒಗೀರಿ. ಡಿಗ್ರಿ ಬಂದ ಮ್ಯಾಲ ಏನು ಬೇಕಾದ್ರೂ ಬರಕೋರಿ. ಸುಮ್ಮನ ಹಾವಿನ ಬಾಲ ಯಾಕ ತುಳೀತೀರಿ?"

ತೆಗೆದು ಒಗೆದೆ. ನಾಲ್ಕನೆಯ ಅಧ್ಯಾಯವನ್ನು ಮೂರನೆಯದು ಮಾಡಿದೆ. ಪುಟದ ಸಂಖ್ಯೆ ಸರಿಮಾಡಿ, ಪರಿವಿಡಿ ತಿದ್ದಿ, ಕೆರೆಯ ಹೆಸರು ಬಂದಲ್ಲೆಲ್ಲ ಅಳಿಸಿ, ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ. ಆರು ವರ್ಷದಲ್ಲಿ ಅಷ್ಟು ಚುರುಕಾಗಿ ನಾನು ಮಾಡಿದ ಕೆಲಸ ಇನ್ನೊಂದಿಲ್ಲ.

ಭಾನುವಾರ ಬೆಳಿಗ್ಗೆ ಪ್ರಬಂಧ ಹಿಡಿದುಕೊಂಡು ಸಂಡೂರಿಗೆ, ಅವರ ಮನೆಗೆ ಹೋದೆ. ಅವರು ಬನಿಯನ್ನಿನಲ್ಲಿ ಪಡಸಾಲೆಯ ಮಂಚದ ಮೇಲೆ ಕೂತಿದ್ದರು. ಅಮ್ಮನವರು, ಅಂದರೆ ಅವರ ಹೆಂಡತಿ, ಒಗ್ಗರಣೆ ಮಂಡಕ್ಕಿ ತಂದು ನನ್ನ ಮುಂದಿಟ್ಟರು. ಗೈಡ್ ಪ್ರಬಂಧ ತೆಗೆದುಕೊಂಡು ಒಂದೊಂದೇ ಪುಟ ಹೊರಳಿಸಿದರು. ಅರ್ಧಕ್ಕೆ ಬಂದು ನಿಂತರು.

"ಮೂರನೇದು ಎಲ್ಲೈತಿ?"

"ಇದೇ ಮೂರನೇದು ಸರ್."

"ಇದು ನಾಕನೇದು. ನನಗ ಎಣಸಾಕ ಬರತೈತಿ. ಅದನ್ನ ಯಾಕ ತಗದಿ?"

"ನಿಮಗ ಬ್ಯಾಸರ ಆಗಬಾರದು ಅಂತ ಸರ್."

"ಸುಳ್ಳು" ಎಂದರು. "ಸಹಿ ಬೇಕು ಅಂತ ತಗದಿ."

ನಾನು ಮಂಡಕ್ಕಿಯ ತಟ್ಟೆ ನೋಡುತ್ತ ಕೂತೆ. ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಅಭ್ಯಾಸವಿತ್ತು.

"ಮೋಡ ಇದ್ದಲ್ಲಿ ನಾನು ನೀರು ತುಂಬಿದೆ. ತುಂಬಿದ್ರ ಹಿಂಗಾಗತೈತಿ ಅಂತ ನನಗ ಅವತ್ತು ಹೊಳೀಲಿಲ್ಲ. ನೀನು ಎಲ್ಲಾ ಗೊತ್ತಿದ್ದು, ಇದ್ದದ್ದನ್ನ ತಗದಿ. ಯಾರದು ಹೆಚ್ಚು ಹಲ್ಕಟ್ ಕೆಲಸ, ನೀನ ಹೇಳು."

ಎದ್ದು ಒಳಗೆ ಹೋದರು. ಅಮ್ಮನವರು ನನ್ನ ಹತ್ತಿರ ಬಗ್ಗಿ, "ತಿನ್ನವ್ವ, ಆರತೈತಿ" ಎಂದರು. ಆಮೇಲೆ ಮೆಲ್ಲಗೆ, "ಮೂರು ವಾರ ಆತು, ಕಾಲೇಜಿಂದ ಬಂದವ್ರು ಕಿಟಕಿ ಬಿಟ್ಟು ಸರಿಯಂಗಿಲ್ಲ. ಅಟ್ಟದ ಮ್ಯಾಲಿನ ಹಳೇ ಕಾಗದ ಎಲ್ಲಾ ಇಳಿಸ್ಯಾರ. ಉಣ್ಣಾಕ ಕರದ್ರ ನನಗ ಬೈತಾರ" ಎಂದರು.

ಗೈಡ್ ಒಳಗಿನಿಂದ ನನ್ನ ಮೂವತ್ತೆರಡು ಪುಟ ಹಿಡಿದುಕೊಂಡು ಬಂದರು. ಒಂದೂ ಪುಟ ಬಿಟ್ಟಿರಲಿಲ್ಲ, ಎಲ್ಲ ಕಡೆ ಪೆನ್ಸಿಲ್ಲಿನ ಗುರುತು. ನಾನು ಬೇಕೆಂದೇ 'ಹಿಂದಿನ ಒಂದು ಅಧ್ಯಯನದಲ್ಲಿ' ಎಂದು ಬರೆದಿದ್ದ ಕಡೆಯಲ್ಲೆಲ್ಲ ಅದನ್ನು ಹೊಡೆದು ತಮ್ಮ ಹೆಸರು ಬರೆದಿದ್ದರು. "ಯಾರ ಅಧ್ಯಯನ ಅಂತ ಬರೀಬೇಕು. ಅದಕ್ಕೇನು ಅಪ್ಪ ಇಲ್ಲೇನು?" ಎಂದರು. ಕೊನೆಯ ಪುಟ ತೆಗೆದು ನನ್ನ ಪಟ್ಟಿಯ ಮೇಲೆ ಬೆರಳಿಟ್ಟರು.

"ಹನ್ನೊಂದು ದಿನ ಅಂತ ಬರದೀ. ಹದಿನಾಕು ಅದಾವ. ಮೂರು ನಿನಗ ಸಿಕ್ಕಿಲ್ಲ, ಯಾಕಂದ್ರ ಅವತ್ತು ಅರ್ಧ ಅಷ್ಟ ಮೋಡ ಇತ್ತು, ಅರ್ಧ ಅಷ್ಟ ತುಂಬೀನಿ. ಎಲ್ಲಾನೂ ಅರ್ಧಮರ್ಧ ಮಾಡತಿ ನೀನು."

ಪುಟಗಳನ್ನು ನನ್ನ ತೊಡೆಯ ಮೇಲೆ ಹಾಕಿದರು. "ಸೇರಿಸಿಕೊಂಡು ಬಾ. ಸಹಿ ಆಮ್ಯಾಲ."

ವಾಪಸು ಬರುವ ಬಸ್ಸಿನಲ್ಲಿ ನನಗೆ ಅವರ ಮೇಲೆ ಗೌರವ ಹುಟ್ಟಿತು ಎಂದು ಯಾರೂ ತಿಳಿಯಬೇಡಿ. ಅವಮಾನವಾಗಿತ್ತು. ಯಾರನ್ನು ಐದಾರು ವರ್ಷ ಮನಸ್ಸಿನಲ್ಲೇ ಹಂಗಿಸಿಕೊಂಡು ಬಂದಿದ್ದೆನೋ ಅವರು ಒಂದು ತಟ್ಟೆ ಮಂಡಕ್ಕಿ ಮುಗಿಯುವಷ್ಟರಲ್ಲಿ ನನ್ನನ್ನು ಕಸ ಮಾಡಿ ಕಳಿಸಿದ್ದರು. ಆ ಮೂರು ದಿನಗಳನ್ನು ಸೇರಿಸಿ, ಅಧ್ಯಾಯವನ್ನು ಅದರ ಜಾಗದಲ್ಲಿಟ್ಟು, ಗುರುವಾರ ಕೊಟ್ಟೆ. ಮೂರನೆಯ ಅಧ್ಯಾಯ ತೆರೆದು ನೋಡಿ ಸಹಿ ಹಾಕಿದರು.

ನಮ್ಮ ಕಡೆ ವೈವಾ ಎಂದರೆ ಹಂಪಿ. ಈ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಅಭ್ಯರ್ಥಿಯನ್ನು ಪ್ರಶ್ನೆ ಕೇಳಲು ಒಪ್ಪುವುದೇ ಆಮೇಲೆ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಳ್ಳಬಹುದೆಂದು. ನನ್ನ ವೈವಾದ ದಿನವೂ ಹತ್ತೂವರೆಗೇ ಕಾರು ಬಾಗಿಲಲ್ಲಿ ನಿಂತಿತ್ತು. ಬಿಸಿಲೇರುವ ಮುಂಚೆ ಹೊರಡಬೇಕೆಂದು ಪ್ರಿನ್ಸಿಪಾಲರು ಎರಡು ಸಲ ನೆನಪಿಸಿದರು. ನಾನು ಹಳೆಯ ನಕ್ಷೆ ತೋರಿಸಿದೆ, ಹೊಸ ನಕ್ಷೆ ತೋರಿಸಿದೆ. ಪರೀಕ್ಷಕರು ಗಡಿಯಾರ ನೋಡಿಕೊಂಡು, "ಈ ಹಳೆಯ ನಕ್ಷೆ ಯಾರದು?" ಎಂದು ಕೇಳಿದರು.

ಗೈಡ್ ಎದ್ದು ನಿಂತರು. "ನಂದು. ಅದು ತಪ್ಪು ಐತ್ರಿ. ಅಲ್ಲಿ ನಿಂತ ನೀರು ಇಲ್ಲ. ಈಕಿ ಬರದದ್ದು ಸರಿ ಐತಿ." ಅಷ್ಟೇ ಹೇಳಿ ಕೂತರು.

ಅದೇ ಹೊತ್ತಿಗೆ ಮಿರ್ಚಿ ಬಜ್ಜಿಯ ತಟ್ಟೆಗಳು ಬಂದವು. ಒಬ್ಬ ಮನುಷ್ಯ ತನ್ನ ಬದುಕಿನಲ್ಲಿ ಸಂಪಾದಿಸಿದ ಒಂದೇ ಒಂದು ಹೆಸರನ್ನು ಎಲ್ಲರ ಎದುರಿಗೆ ಒರೆಸಿ ಹಾಕಿದ್ದ. ವಿದ್ವಾಂಸರ ಸಭೆ ಚಟ್ನಿ ಯಾಕೆ ಬಂದಿಲ್ಲವೆಂದು ಬಾಗಿಲ ಕಡೆ ನೋಡುತ್ತಿತ್ತು. ಹನ್ನೊಂದೂವರೆಗೆ ಎಲ್ಲರೂ ಹಂಪಿಗೆ ಹೊರಟರು. ಇವರು ಹೋಗಲಿಲ್ಲ. ನಾನು ಬಸ್ ಸ್ಟ್ಯಾಂಡಿನವರೆಗೆ ಅವರ ಹಿಂದೆಯೇ ಹೋಗಿ, "ಸರ್, ಭಾಳ ಉಪಕಾರ ಆತು" ಎಂದೆ. "ಕಡೀ ಪುಟದಾಗ ಎರಡು ಅಕ್ಷರ ತಪ್ಪು ಅದಾವ, ತಿದ್ದು" ಎಂದು ಹೇಳಿ ಸಂಡೂರಿನ ಬಸ್ಸು ಹತ್ತಿದರು. ಅವರು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ನನಗೆ ಕಂಪ್ಲಿಯ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾದರು. ಸಂಡೂರು ಏನೂ ದೂರವಿಲ್ಲ, ನಾನು ಹೋಗಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಚೋರನೂರು ಫೋನ್ ಮಾಡಿ, "ಅಕ್ಕ, ಸರ್ ಹೋದ್ರು" ಎಂದ. ಕ್ಲಾಸಿತ್ತು, ಪಾಠ ಮಾಡಿದೆ. ಏನು ಮಾಡಿದೆನೆಂದು ನೆನಪಿಲ್ಲ.

ಹದಿನೈದು ದಿನದ ಮೇಲೆ ಹೊಸಪೇಟೆಯ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ವೈವಾ ನಡೆದಿದ್ದ ಹಾಲಿನಲ್ಲೇ. ವೇದಿಕೆಯ ಹಿಂದೆ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು, ಅದರಲ್ಲಿ ಅವರ ಫೋಟೋ, ಫೋಟೋದ ಹಿಂದೆ ಇಡೀ ಫ್ಲೆಕ್ಸಿನ ಅಗಲಕ್ಕೆ ಅದೇ ಹಳೆಯ ನಕ್ಷೆ. ಮುಂದಿನ ಸಾಲಿನಲ್ಲಿ ಅಮ್ಮನವರು ಕೂತಿದ್ದರು. ಗೈಡ್ ಇದ್ದಾಗ ಅವರ ಕೋಣೆಯ ಮುಂದೆ ಹಾಯಲು ಹೆದರುತ್ತಿದ್ದವರೆಲ್ಲ ಒಬ್ಬೊಬ್ಬರಾಗಿ ಮೈಕಿನ ಮುಂದೆ ಬಂದು ಅವರ ಪ್ರೀತಿ, ಅವರ ತಾಳ್ಮೆ ಎಂದರು. ತಾಳ್ಮೆ ಎಂಬ ಮಾತಿಗೆ ಚೋರನೂರು ನನ್ನ ಕಡೆ ತಿರುಗಿ ನೋಡಿದ. ಕೊನೆಗೆ ಪ್ರಿನ್ಸಿಪಾಲರು ಎದ್ದರು.

"ಅರಬ್ಬಿ ಸಮುದ್ರದಾಗ ಕೆರಿ ಕಂಡುಹಿಡಿದಂಥಾ ಮಹಾನುಭಾವರು ನಮ್ಮವರು ಅನ್ನೋದೇ ನಮಗ ಹೆಮ್ಮೆ. ಈ ನಕ್ಷೆಗೆ ಫ್ರೇಮ್ ಹಾಕಿಸಿ, ಅವರ ಹೆಸರು ಬರೆಸಿ, ವಿಭಾಗದ ಗೋಡೆ ಮ್ಯಾಲ ಕಾಯಂ ಹಾಕೋಣು ಅಂತ ತೀರ್ಮಾನ ಮಾಡೀವಿ."

ಚಪ್ಪಾಳೆ ಬಿತ್ತು. ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಾಗಲಿಲ್ಲ.

"ಆ ಕೆರಿ ಇಲ್ರಿ" ಎಂದೆ. "ಹದಿನಾಕು ದಿನ ಅಲ್ಲಿ ಮೋಡ ಇತ್ತು, ಅಷ್ಟ. ಆ ನಕ್ಷಿ ತಪ್ಪು ಐತಿ. ಅದನ್ನ ಗೋಡೆಗೆ ಹಾಕಬ್ಯಾಡ್ರಿ."

ಪ್ರಿನ್ಸಿಪಾಲರು ಮೈಕಿಗೆ ಕೈ ಅಡ್ಡ ಹಿಡಿದರು. "ಮೇಡಂ, ಇವತ್ತು ಬ್ಯಾಡ್ರಿ. ಹಳೇ ಸಿಟ್ಟು ಏನಿದ್ರೂ ಹೊರಗ ಇಟ್ಕೋರಿ. ಮನಿಯವ್ರು ಕುಂತಾರ."

"ಸಿಟ್ಟು ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಹದಿನಾಕರಾಗ ಹನ್ನೊಂದು ದಿನ ನಾನು ಹಿಡಿದೆ. ಉಳಿದ ಮೂರು ಹಿಡಿದವ್ರು ಅವ್ರ. ನಂದು ತಪ್ಪು ಅಂತ ಇದೇ ಹಾಲಿನಾಗ ಎದ್ದು ನಿಂತು ಹೇಳಿದ್ರು. ನೀವೆಲ್ಲಾ ಮಿರ್ಚಿ ತಿಂತಿದ್ರಿ."

ನನಗೆ ಅಮ್ಮನವರ ಬೆನ್ನು ಮಾತ್ರ ಕಾಣುತ್ತಿತ್ತು. ಸೆರಗು ಹೊದ್ದ ಆ ಬೆನ್ನಿಗೆ ನಾನು ಏನು ಹೇಳಿಬಿಟ್ಟೆ ಎಂದು ಆಗ ಹೊಳೆಯಿತು. ಅವರು ನಿಧಾನ ಎದ್ದರು. ನನ್ನ ಕಡೆ ತಿರುಗಲಿಲ್ಲ. ಪ್ರಿನ್ಸಿಪಾಲರಿಗೆ, "ಅದನ್ನ ಇಳಿಸ್ರಿ. ಫೋಟೋ ಒಂದ ಸಾಕು" ಎಂದು ಹೇಳಿ ಮತ್ತೆ ಕೂತರು.

ಆ ಮನುಷ್ಯ ನನಗೆ ಇವತ್ತಿಗೂ ಇಷ್ಟವಿಲ್ಲ. ಎದುರಿಗೆ ಬಂದು ನಿಂತರೆ ಇವತ್ತೂ ಜಗಳವೇ ಆದೀತು. ಆದರೆ ಮೊನ್ನೆ ನನ್ನ ವಿದ್ಯಾರ್ಥಿನಿಯೊಬ್ಬಳು ಓದಲು ನನ್ನ ಪ್ರಬಂಧ ಕೇಳಿದಾಗ ಕಪಾಟಿನಿಂದ ತೆಗೆದು ಕೊಟ್ಟೆ. "ಯಾವ ಭಾಗ ಓದಲಿ ಮೇಡಂ?" ಎಂದು ಕೇಳಿದಳು. ಮೂರನೆಯ ಅಧ್ಯಾಯ ಸಾಕು ಎಂದೆ. ಅದರಲ್ಲಿ ಓದುವಂಥದ್ದು ಅದೊಂದೇ ಇದೆ, ಅದನ್ನೇ ನಾನು ಒಮ್ಮೆ ತೆಗೆದು ಒಗೆದಿದ್ದೆ.